ಫ್ಯಾನಿನಲ್ಲಿ ಬೆಂದ ರೊಟ್ಟಿ

ಮಂಜು ಮುಸುಕಿದ ಬೆಟ್ಟದ ರಸ್ತೆಯಲ್ಲಿ ಭಾಗ್ಯಶ್ರೀಯ ಕೆಂಪು ಕಾರು ಎಡಕ್ಕೆ ಹೊರಳುತ್ತಿರುವಾಗಲೇ ಯಂತ್ರ ಸತ್ತಿತು. ಮೊದಲು ಟಿವಿಯ ಕೆಳಗಿನ ಗೂಡಿನಿಂದ ಹಿಟ್ಟಿನ ಗಿರಣಿಯಂಥ ಸದ್ದು ಬಂತು. ಆಮೇಲೆ ಪರದೆಯ ಮೇಲೆ, ಯಂತ್ರ ತೀರಾ ಬಿಸಿಯಾಗಿದೆ ಎಂಬ ಒಂದು ಸಾಲು. ಆಮೇಲೆ ಬರೀ ಕಪ್ಪು.

ಶನಿವಾರದ ಬೆಳಗು. ಶೆಫೀಲ್ಡಿನ ವಾಕ್ಲಿ ಗುಡ್ಡದ ಮೇಲಿನ ಆ ಸಾಲುಮನೆಯಲ್ಲಿ ಗಂಡ ಶ್ರೀಕಾಂತ್, ಹದಿಮೂರರ ಮಗಳು ಹಂಸಾ ಇಬ್ಬರೂ ಇನ್ನೂ ಹೊದ್ದು ಮಲಗಿದ್ದರು. ಭಾಗ್ಯಶ್ರೀಗೆ ಆ ಹೊತ್ತು ಯಾರೂ ಕೊಟ್ಟದ್ದಲ್ಲ. ವಾರದ ದಿನಗಳಲ್ಲಿ ಆಸ್ಪತ್ರೆಯ ಕಣ್ಣಿನ ವಿಭಾಗದ ಕೌಂಟರು, ಅದರ ಪಾಳಿ, ಭಾನುವಾರ ರೊಟ್ಟಿ. ಶನಿವಾರ ಮಾತ್ರ ಮನೆಯವರು ತಡವಾಗಿ ಏಳುತ್ತಾರೆ. ಅವರು ಏಳುವ ಮೊದಲಿನ ಹೊತ್ತಿಗೆ ಒಡೆಯರಿಲ್ಲವೆಂದು ಕಂಡುಕೊಂಡು ಅವಳು ಅದಕ್ಕೆ ಸದ್ದಿಲ್ಲದೆ ಬೇಲಿ ಹಾಕಿಕೊಂಡಿದ್ದಳು.

ಆ ವಿಡಿಯೋ ಗೇಮ್ ಯಂತ್ರ ತಂದದ್ದು ಲಾಕ್‌ಡೌನಿನಲ್ಲಿ, ಹಂಸಾಳಿಗಾಗಿ. ಹಂಸಾಳಿಗೆ ಅದು ಬೇಗ ಬೇಸರವಾಯಿತು. ಅದರ ಮೇಲೆ ಕೂತ ಧೂಳು ಒರೆಸಲು ಹೋದ ಭಾಗ್ಯಶ್ರೀ ಒಂದು ದಿನ ಅಲ್ಲೇ ಕುಳಿತು ಆಡತೊಡಗಿದಳು. ಆಗ ಅವಳು ಇಲ್ಲಿಯ ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಬಿದ್ದಿದ್ದಳು. ಆಟದ ಕಾರಿಗೆ ಒಂದು ದೊಡ್ಡ ಗುಣವಿತ್ತು: ಗೋಡೆಗೆ ಗುದ್ದಿದರೆ ಪಕ್ಕದ ಸೀಟಿನಿಂದ ನಿಟ್ಟುಸಿರು ಕೇಳಿಸುತ್ತಿರಲಿಲ್ಲ. ಮೂರನೆಯ ಸಲ ಅವಳು ಪಾಸಾದಳು. ಈಗ ಚಳಿಗಾಲದಲ್ಲಿ ಸ್ನೇಕ್ ಪಾಸ್ ಎಂಬ ಬೆಟ್ಟದ ಹಾದಿ ದಾಟಿ ಮ್ಯಾಂಚೆಸ್ಟರಿಗೆ ಹೋಗಬೇಕಾದರೆ ಶ್ರೀಕಾಂತ್ ಕೀಲಿಕೈ ಅವಳ ಕೈಗೇ ಕೊಡುತ್ತಾನೆ.

ಅಷ್ಟೇ ಆಗಿದ್ದರೆ ಯಂತ್ರ ಸತ್ತದ್ದಕ್ಕೆ ಒಂದು ನಿಟ್ಟುಸಿರು ಸಾಕಿತ್ತು. ಆದರೆ ಎರಡು ವಾರ ಕಳೆದರೆ ಬರುವ ಭಾನುವಾರ ಅದೇ ಆಟದಲ್ಲಿ, ಇಂಟರ್‌ನೆಟ್ಟಿನ ಮೇಲೆ, ಹೆಂಗಸರ ಲೀಗಿನ ರಿಲೇ ಓಟವಿತ್ತು. ಮೂವರ ತಂಡ, ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಕಾರು. ಒಬ್ಬಳು ಓಡಿಸುವಾಗ ಉಳಿದಿಬ್ಬರು ತಮ್ಮ ತಮ್ಮ ಮನೆಯಿಂದ ಅವಳ ಕಿವಿಯಲ್ಲಿ ಮಾತಾಡುತ್ತಿರಬೇಕು. ಭಾಗ್ಯಶ್ರೀಯ ತಂಡದಲ್ಲಿ ಬೀಸ್ಟನ್‌ನಲ್ಲಿ ಔಷಧಿಗಳ ಸಂಶೋಧನೆ ಮಾಡುವ ಮೈಸೂರಿನ ನಿವೇದಿತಾ ಇದ್ದಳು. ಲೀಡ್ಸಿನಲ್ಲಿ ಆಯುಷ್ಯವೆಲ್ಲ ಬಸ್ಸು ಓಡಿಸಿ ನಿವೃತ್ತಳಾದ ಮೌರೀನ್ ಇದ್ದಳು. ಮಳೆ ಬಿದ್ದ ರಸ್ತೆ ಬಂದರೆ ಇಬ್ಬರೂ ಭಾಗ್ಯಶ್ರೀಗೆ ಬಿಟ್ಟುಕೊಡುತ್ತಿದ್ದರು. ಮೂವರಲ್ಲಿ ಒಬ್ಬಳು ಇಲ್ಲದಿದ್ದರೂ ತಂಡ ಹೊರಗೆ. ಹೊಸ ಯಂತ್ರ ಕೊಳ್ಳುವ ಮಾತಿಲ್ಲ. ಹಳೆಯದನ್ನು ರಿಪೇರಿಗೆ ಕಳಿಸಿದರೆ ಬೇಸಿಗೆಯ ಹೊತ್ತಿಗೆ ಬರುತ್ತದೆ ಎಂದು ಕಂಪನಿಯವರು ಫೋನಿನಲ್ಲಿ ಬಹಳ ವಿನಯದಿಂದ ಹೇಳಿದರು.

ಶ್ರೀಕಾಂತ್ ಉಕ್ಕಿನ ಕಾರ್ಖಾನೆಯಲ್ಲಿ ಗುಣಮಟ್ಟದ ಎಂಜಿನಿಯರು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ಪಡೆಯುವವನು. ಯಂತ್ರ ಸತ್ತ ಸುದ್ದಿ ಕೇಳಿ ಅವನಿಗೆ ದುಃಖಕ್ಕಿಂತ ಹುರುಪೇ ಹೆಚ್ಚು ಬಂತು. ಊರಿನ ಪತ್ರಿಕೆಯ ಗ್ರಾಹಕರ ಅಂಕಣದಲ್ಲಿ ಅದೇ ವಾರ ಈ ಮಾದರಿಯ ಯಂತ್ರಗಳನ್ನು ಒಳಗಿನಿಂದ ತಂಪು ಮಾಡುವ ಫ್ಯಾನಿನ ಬಗ್ಗೆ ಬಂದಿತ್ತು: 'ನೂರಾರು ಮನೆಗಳಲ್ಲಿ ಫ್ಯಾನ್ ಸಾವು, ಕಂಪನಿ ಮೌನ'. ಒಳಗೆ ಓದಿದರೆ ನೂರಾರು ಎಂಬುದು ಯಾರೋ ಓದುಗ ಹೇಳಿದ್ದ ಮಾತು; ಕಂಪನಿಯೂ ಮೌನವಾಗಿರಲಿಲ್ಲ, ಪರಿಶೀಲಿಸುತ್ತೇವೆ ಎಂದಿತ್ತು. ಆದರೆ ಶ್ರೀಕಾಂತ್ ಒಳಗೆ ಓದುವಷ್ಟು ತಾಳಲಿಲ್ಲ. ಚಹಾ ಆರುವುದರೊಳಗೆ ಅಂಕಣಕ್ಕೆ ಮೇಲ್ ಬರೆದ.

"ಪೇಪರ್‌ನ್ಯಾಗ ಬಂದ್ರ ಕಂಪನಿ ತಾನಾ ಓಡಿ ಬರ್ತದ, ನೋಡ್ತಿರು," ಎಂದ.

"ಓಟದ ಮೊದಲ ಬರಲಿ, ಅಷ್ಟ ಸಾಕು," ಎಂದಳು ಭಾಗ್ಯಶ್ರೀ.

ಅಂಕಣದ ಕ್ಯಾಲಮ್ ಎಂಬ ತರುಣ, ಜೊತೆಗೊಬ್ಬ ಫೋಟೋಗ್ರಾಫರನನ್ನು ಕರೆದುಕೊಂಡು ಭಾನುವಾರವೇ ಬಂದ. ಭಾನುವಾರದ ರೊಟ್ಟಿಯ ಬಗ್ಗೆ ಇಲ್ಲಿ ಹೇಳಬೇಕು. ಉತ್ತರ ಕರ್ನಾಟಕದ ಯಾರು ಶೆಫೀಲ್ಡಿಗೆ ಓದಲು ಬಂದರೂ ಶ್ರೀಕಾಂತ್ ಆಡುವ ಮೊದಲ ಮಾತು, ಭಾನುವಾರ ಮನಿಗೆ ರೊಟ್ಟಿ ತಿನ್ನಾಕ ಬರ್ರಿ ಎಂಬುದು. ಕರೆಯುವ ಬಾಯಿ ಅವನದು, ಬಡಿಯುವ ಕೈ ಇವಳದು. ಅಡುಗೆಮನೆಯೋ ಒಬ್ಬರು ತಿರುಗಿದರೆ ಇನ್ನೊಬ್ಬರು ಹೊರಗೆ ಹೋಗಬೇಕಾದಷ್ಟು ಇಕ್ಕಟ್ಟು. ಅದರ ಸೂರಿನಲ್ಲಿ ಸ್ಮೋಕ್ ಅಲಾರ್ಮ್ ಬೇರೆ. ಹಂಚಿನ ಮೇಲೆ ಉದುರಿದ ಹಿಟ್ಟು ಸುಟ್ಟು ಚೂರು ಹೊಗೆಯಾದರೂ ಅದು ಇಡೀ ಓಣಿಗೆ ಕೇಳುವಂತೆ ಬೊಬ್ಬಿಡುತ್ತಿತ್ತು. ಆದ್ದರಿಂದ ಶ್ರೀಕಾಂತನ ಸಲಹೆಯಂತೆ ರೊಟ್ಟಿ ಟಿವಿ ಇರುವ ದೊಡ್ಡ ಕೋಣೆಗೆ ಬಂದಿತ್ತು. ಹಂಚು ಹಿತ್ತಿಲ ಬಾಗಿಲ ಹತ್ತಿರದ ಕರೆಂಟ್ ಒಲೆಯ ಮೇಲೆ. ಭಾಗ್ಯಶ್ರೀ ನೆಲದ ಮೇಲೆ, ಪರಾತಿನಲ್ಲಿ ಕುದಿಯುವ ನೀರು ಹೊಯ್ದು ಜೋಳದ ಹಿಟ್ಟು ನಾದಿ, ಮಣೆಯ ಮೇಲೆ ಒಣ ಹಿಟ್ಟು ಉದುರಿಸಿ ಬಡಿಯುತ್ತ. ಇದರಿಂದ ನೀನೂ ನಮ್ಮ ಜೊತೆಗೇ ಕುಳಿತಂತಾಗುತ್ತದೆ ಎಂದು ಅವನು ಹೇಳಿದ್ದ. ಅದು ನಿಜ. ಈಗ ಅವಳು ರೊಟ್ಟಿ ಬಡಿಯುವುದರ ಜೊತೆಗೆ ಅತಿಥಿಗಳ ಮಾತಿಗೆ ನಗಲೂಬೇಕಿತ್ತು. ಅವರು ಅದೇ ಆಟದ ಯಂತ್ರದಲ್ಲಿ ಕ್ರಿಕೆಟ್ ಹಚ್ಚಿಕೊಂಡು ಸೋಫಾದಲ್ಲಿ ಕುಳಿತಿರುತ್ತಿದ್ದರು.

ಫೋಟೋಗ್ರಾಫರನಿಗೆ ಬೇಕಿದ್ದದ್ದು ದುಃಖ. ಈ ನಾಡಿನ ಊರಪತ್ರಿಕೆಗಳಲ್ಲಿ ಅದಕ್ಕೊಂದು ಸಂಪ್ರದಾಯವಿದೆ: ರಸ್ತೆಯ ಗುಂಡಿಯಾಗಲಿ, ತೆಗೆಯದ ಕಸದ ಡಬ್ಬಿಯಾಗಲಿ, ಅಂಗಡಿಯ ತಂಗಳು ತಿಂಡಿಯಾಗಲಿ, ನೊಂದವರು ಅದರ ಪಕ್ಕ ನಿಂತು ಕ್ಯಾಮೆರಾವನ್ನು ಬಾಡಿದ ಮುಖದಿಂದ ನೋಡಬೇಕು. ಶ್ರೀಕಾಂತ್ ಸತ್ತ ಯಂತ್ರವನ್ನು ಕೂಸಿನಂತೆ ಎತ್ತಿಕೊಂಡು ನಿಂತ. ಆದರೆ ಬಿಸಿ ರೊಟ್ಟಿಯ ವಾಸನೆ ಮೂಗಿಗೆ ಬರುತ್ತಿರುವಾಗ ಅವನ ಮುಖದಲ್ಲಿ ದುಃಖ ನಿಲ್ಲುತ್ತಿರಲಿಲ್ಲ. ಹಂಸಾಳಿಗೆ ಅದು ಬಹಳ ಚೆನ್ನಾಗಿ ಬಂತು. ಭಾನುವಾರ ಬೆಳಿಗ್ಗೆ ಎಬ್ಬಿಸಿದ್ದೇ ಅವಳಿಗೆ ಸಾಕಷ್ಟು ದುಃಖವಾಗಿತ್ತು.

ಕ್ಯಾಲಮ್ ಪ್ರಶ್ನೆಗಳನ್ನೆಲ್ಲ ಶ್ರೀಕಾಂತನಿಗೇ ಕೇಳಿದ. ಯಾವ ಟ್ರ್ಯಾಕ್ ಇಷ್ಟ ಎಂದಾಗ, ಎಲ್ಲವೂ ಎಂದ ಶ್ರೀಕಾಂತ್. ಅಪ್ಪನಿಗೆ ಬ್ರೇಕು ಯಾವ ಗುಂಡಿಯೆಂದೂ ಗೊತ್ತಿಲ್ಲ ಎಂದು ಹಂಸಾ ತನ್ನ ಯಾರ್ಕ್‌ಶೈರ್ ಇಂಗ್ಲಿಷಿನಲ್ಲಿ ಹೇಳಿದ್ದು ತಮಾಷೆಯೆಂದುಕೊಂಡು ಕ್ಯಾಲಮ್ ನಕ್ಕ. ಭಾಗ್ಯಶ್ರೀಗೆ ಕೇಳಿದ್ದು ಒಂದೇ, ಈಗ ಮನೆ ಶಾಂತವಾಗಿರಬೇಕಲ್ಲ ಎಂದು. ಹಂಚಿನ ಮೇಲೊಂದು, ಮಣೆಯ ಮೇಲೊಂದು ರೊಟ್ಟಿ ಇತ್ತು. ತುಂಬಾ ಶಾಂತ, ಎಂದಳು, ಹೆಣ ಹೋದ ಮನೆಯ ಬಗ್ಗೆ ಹೇಳುವ ದನಿಯಲ್ಲಿ. ಕ್ಯಾಲಮ್ ತಲೆಯಾಡಿಸಿ ಬರೆದುಕೊಂಡ. ಆಮೇಲೆ ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ ಹಚ್ಚಿಕೊಂಡು ಬೆವರುತ್ತ ರೊಟ್ಟಿ ತಿಂದ.

ಮಂಗಳವಾರ ಬಂತು ವರದಿ. 'ಅಪ್ಪ-ಮಗಳ ಆಟಕ್ಕೆ ಕಂಪನಿಯ ಕೊಳ್ಳಿ'. ವಾರವಿಡೀ ದುಡಿದು ಬಂದು ಮಗಳ ಜೊತೆ ಕಾರು ಓಡಿಸುವ ಆಧುನಿಕ ತಂದೆ ಶ್ರೀಕಾಂತ್ ಅವರ ಎದೆ ಒಡೆದಿದೆಯಂತೆ. ಸೊಗಸಾಗಿ ಅಡುಗೆ ಮಾಡುವ ಅಮ್ಮ ಭಾಗ್ಯ ಮಾತ್ರ ಮನೆಯ ಶಾಂತಿಯನ್ನು ಸವಿಯುತ್ತಿದ್ದಾರಂತೆ. ಕೆಳಗೆ ಓದುಗರು ಇಂಥ ಅಪ್ಪಂದಿರು ಹೆಚ್ಚಾಗಲಿ ಎಂದು ಹಾರೈಸಿದ್ದರು. ಕಾರ್ಖಾನೆಯಲ್ಲಿ ಶ್ರೀಕಾಂತನಿಗೆ ಚಪ್ಪಾಳೆ ಬಿತ್ತು.

ಭಾಗ್ಯಶ್ರೀ ಅದನ್ನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಓದುತ್ತಿದ್ದಾಗ ನಿವೇದಿತಾಳ ಫೋನ್ ಬಂತು. ಅವಳು ನಗು ತಡೆಯಲಾರದೆ ಮಾತಾಡುತ್ತಿದ್ದಳು.

"ಭಾಗ್ಯಕ್ಕ, ಮೊದಲು ಆ ಫೋಟೋ ನೋಡಿ. ಶ್ರೀಕಾಂತ್ ಅವ್ರನ್ನ ಬಿಡಿ. ಅವ್ರ ಹಿಂದೆ ನೋಡಿ."

ಶ್ರೀಕಾಂತನ ಮೊಣಕೈಯ ಹಿಂದೆ ಎರಡು ಕೈಗಳಿದ್ದವು. ಮುಖ ಚೌಕಟ್ಟಿನ ಹೊರಗೆ ಹೋಗಿತ್ತು. ಕೈಗಳ ಸುತ್ತ, ಹಿತ್ತಿಲ ಬಾಗಿಲಿನಿಂದ ಬಿದ್ದ ಬಿಸಿಲಿನಲ್ಲಿ, ಬಿಳಿ ಮೋಡವೊಂದು ಎದ್ದು ತೇಲುತ್ತ ಟಿವಿಯ ಕಡೆಗೆ ಹೊರಟಿತ್ತು. ಕೆಳಗಿನ ಖಾಲಿ ಗೂಡು ಅದಕ್ಕಾಗಿ ಬಾಯಿ ತೆರೆದು ಕುಳಿತಂತಿತ್ತು.

"ಅಯ್ಯ ಶಿವನ," ಎಂದಳು ಭಾಗ್ಯಶ್ರೀ.

"ಅದೇ. ಪ್ರತಿ ಭಾನುವಾರ ಅದು ಅಷ್ಟು ಹಿಟ್ಟು ತಿಂದಿದೆ. ಪಾಪ, ಚಟ್ನಿನೂ ಇಲ್ದೆ."

ಸಂಜೆ ಭಾಗ್ಯಶ್ರೀ ಯಂತ್ರವನ್ನು ಊಟದ ಮೇಜಿನ ಮೇಲೆ ಮಲಗಿಸಿದಳು. ಪಕ್ಕದ ಮುಚ್ಚಳವನ್ನು ಜಾರಿಸಿ ತೆಗೆದು ಧೂಳು ಒರೆಸಬಹುದೆಂದು ಕಂಪನಿಯೇ ಹೇಳಿತ್ತು. ಆದರೆ ಈ ಮನೆಯಲ್ಲಿ ಒರೆಸುವವಳು ಒಬ್ಬಳೇ, ಅವಳೂ ಹೊರಗಷ್ಟೇ ಒರೆಸಿದ್ದಳು. ಒಳಗೆ ನೋಡಬೇಕೆಂದು ಉಳಿದವರಿಗೆ ತೋಚಲು ಮೊದಲು ಹೊರಗೆ ಒರೆಸಬೇಕೆಂದಾದರೂ ತೋಚಬೇಕಿತ್ತು. ಹಂಸಾ ಮುಚ್ಚಳ ಜಾರಿಸಿದಳು. ಫ್ಯಾನಿನ ಎಲೆಗಳು ಗೋಪುರಕ್ಕೆ ಸುಣ್ಣ ಬಳಿದಂತೆ ಬೆಳ್ಳಗಿದ್ದವು. ಅದರ ಹಿಂದೆ ಶಾಖ ಹೊರಹಾಕುವ ಲೋಹದ ಪಟ್ಟಿಗಳ ಮೇಲೆ ತೆಳುವಾದ ಏನೋ ಅಂಟಿ ಕುಳಿತಿತ್ತು. ಭಾಗ್ಯಶ್ರೀ ಹುಬ್ಬಿನ ಚಿಮಟಿಗೆಯಿಂದ ಅದರ ಅಂಚು ಹಿಡಿದು ಎಬ್ಬಿಸಿದಳು. ಪೂರ್ತಿಯಾಗಿ ಎದ್ದು ಬಂತು. ಒಂದು ಬದಿ ಬಿಳಿ, ಇನ್ನೊಂದು ಬದಿಯಲ್ಲಿ ಕಂದು ಚುಕ್ಕೆ.

ಅವಳು ಮೂಸಿ ನೋಡಿದಳು. ಹಿಟ್ಟು, ಪರಾತಿನಿಂದ ಎದ್ದ ಕುದಿನೀರಿನ ಆವಿ, ಒಳಗಿನ ಶಾಖ: ಬೇಕಾದ್ದೆಲ್ಲ ಸಿಕ್ಕಿತ್ತು ಯಂತ್ರಕ್ಕೆ. ಅದು ತನ್ನಷ್ಟಕ್ಕೆ ರೊಟ್ಟಿ ಮಾಡಿಕೊಂಡಿತ್ತು.

"ಚೊಲೋ ಬೆಂದದ," ಎಂದಳು.

ಹಂಸಾ ನೆಲದ ಮೇಲೆ ಉರುಳಿ ನಕ್ಕಳು. ತಾಯಿಗೂ ನಗು ಹತ್ತಿತು. ಆ ನಗುವಿನಲ್ಲೇ ಅವಳು ಬಚ್ಚಲಿನಿಂದ ಶ್ರೀಕಾಂತನ ಗಡ್ಡದ ಬ್ರಷ್ ತಂದು ಫ್ಯಾನಿನ ಒಂದೊಂದೇ ಎಲೆಯನ್ನು ಗುಡಿಸಿದಳು. ಪಟ್ಟಿಗಳ ಸಂದಿನ ಹಿಟ್ಟನ್ನು ವ್ಯಾಕ್ಯೂಮ್ ಕ್ಲೀನರ್ ಎಳೆದುಕೊಂಡಿತು. ಮುಚ್ಚಳ ಹಾಕಿ ಗುಂಡಿ ಒತ್ತಿದಾಗ ಯಂತ್ರ ಉಸಿರೂ ಕೇಳಿಸದಷ್ಟು ಮೆಲ್ಲಗೆ ಎದ್ದಿತು. ಮಂಜಿನ ರಸ್ತೆ ಬಂತು. ಕೆಂಪು ಕಾರು ಬಿಟ್ಟ ಜಾಗದಲ್ಲೇ ಕಾಯುತ್ತಿತ್ತು.

ಶ್ರೀಕಾಂತ್ ಮನೆಗೆ ಬಂದದ್ದು ಇನ್ನೊಂದು ಸಂತೋಷದ ಸುದ್ದಿ ಹೊತ್ತುಕೊಂಡು. ಪತ್ರಿಕೆ ಕೇಳಿದ ಮೇಲೆ ಕಂಪನಿ, ತಪ್ಪು ಒಪ್ಪದೆ, ಬರೀ ಸೌಹಾರ್ದಕ್ಕಾಗಿ ಹೊಸ ಯಂತ್ರ ಕಳಿಸಲು ಒಪ್ಪಿತ್ತು. ಕ್ಯಾಲಮ್ ಮತ್ತೆ ಬರುತ್ತಾನೆ, ಈ ಸಲ ನಗುವ ಫೋಟೋ. ಭಾಗ್ಯಶ್ರೀ ತಟ್ಟೆಯಲ್ಲಿ ಆ ಪುಟ್ಟ ರೊಟ್ಟಿಯನ್ನು ಅವನ ಮುಂದಿಟ್ಟಳು. ಅದು ಎಲ್ಲಿಂದ ಬಂತೆಂದು ಹೇಳಿದಳು. ಗುಣಮಟ್ಟದ ಎಂಜಿನಿಯರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇದನ್ನ ಯಾರಿಗೂ ಹೇಳೂದು ಬ್ಯಾಡ," ಎಂದ ಕೊನೆಗೆ. "ಹೊಸಾದು ಬರ್ಲಿ, ಅದನ್ನ ಮ್ಯಾಲಿನ ಸಣ್ಣ ಖೋಲಿಯೊಳಗ ಇಟ್ರಾತು. ನೀ ಅಲ್ಲೇ ಆಡು."

ಮೇಲಿನ ಸಣ್ಣ ಕೋಣೆಯಲ್ಲಿ ಹೀಟರಿರಲಿಲ್ಲ. ಸೂಟ್‌ಕೇಸುಗಳು, ಮುರಿದ ಟೇಬಲ್ ಫ್ಯಾನು, ಇಸ್ತ್ರಿಗೆ ಕಾದ ಬಟ್ಟೆಗಳ ಗುಡ್ಡ ಇದ್ದವು.

"ಯಂತ್ರ ಯಾಕ ಮ್ಯಾಲ ಹೋಗಬೇಕ್ರೀ?" ಎಂದಳು ಭಾಗ್ಯಶ್ರೀ. "ಅದು ಹಾರಿ ಹೋಗಿ ಹಿಟ್ಟಿನಾಗ ಬಿದ್ದಿಲ್ಲ. ಹಿಟ್ಟು ಹಾರಿ ಅದರಾಗ ಬಿದ್ದದ. ರೊಟ್ಟಿ ಅಡಗಿಮನಿಗೆ ಹೋಗ್ಲಿ."

"ಅಲ್ಲಿ ಅಲಾರ್ಮ್ ಹೊಡ್ಕೋತದ. ನಿನಗ ತ್ರಾಸ ಆಗ್ತದ."

"ನನಗ ಯಾಕ ಆಗ್ತದ? ಓಟದ ದಿನ ಐತವಾರ. ನೀವು ಪೇಪರ್ ನೋಡಿ ಹೊಗಳಿದವರನ್ನೆಲ್ಲಾ ಆ ದಿನಾನ ರೊಟ್ಟಿಗೆ ಕರದೀರಿ. ನಾ ಕಾರಿನಾಗ ಇರತೀನಿ. ಬಡಿಯೋರು ನೀವು."

ಶ್ರೀಕಾಂತ್ ನಕ್ಕ. ಅವಳು ನಗಲಿಲ್ಲ. ಅವನು ಹಂಸಾಳ ಕಡೆ ನೋಡಿದ. ಹಂಸಾ ಕನ್ನಡದಲ್ಲಿ ಮಾತಾಡುವುದು ಅಪರೂಪ. ಆದರೆ ಅವತ್ತು ಸ್ಪಷ್ಟವಾಗಿ ಹೇಳಿದಳು:

"ಆಧುನಿಕ ಅಪ್ಪ."

ಮರುದಿನ ಭಾಗ್ಯಶ್ರೀಯೇ ಕ್ಯಾಲಮ್‌ಗೆ ಫೋನ್ ಮಾಡಿದಳು. ಹೊಸ ಯಂತ್ರ ಬೇಡ, ಬೇರೆಯವರ ಫ್ಯಾನು ಯಾಕೆ ಸತ್ತಿತೋ ತನಗೆ ಗೊತ್ತಿಲ್ಲ, ತನ್ನದಕ್ಕೆ ಕಾರಣ ತಟ್ಟೆಯಲ್ಲಿದೆ ಎಂದಳು. ತಟ್ಟೆಯಲ್ಲೇನಿದೆ ಎಂದು ಅವನು ಕೇಳಿದ, ಅವಳು ಹೇಳಿದಳು. ಇನ್ನೊಂದು ಮಾತು, ಓಡಿಸುವವಳು ನಾನು, ಎಂದಳು. ಪಾಪ, ಹುಡುಗ ಕೆಟ್ಟವನಲ್ಲ. ನಾನು ನಿಮ್ಮನ್ನು ಕೇಳಲೇ ಇಲ್ಲ ಅಲ್ಲವೇ ಎಂದ. ಕೇಳಿದಿರಿ, ಮನೆ ಶಾಂತವಾಗಿದೆಯೇ ಎಂದು, ಎಂದಳು ಭಾಗ್ಯಶ್ರೀ. ಅವನು ನಾಚಿ ನಕ್ಕ, ಸರಿಪಡಿಸುತ್ತೇನೆಂದು ಮಾತು ಕೊಟ್ಟ. ಹಾಗೆ ಮಾಡಿದ ಕೂಡ. ಶುಕ್ರವಾರದ ಪತ್ರಿಕೆಯಲ್ಲಿ ಆ ಪುಟ್ಟ ರೊಟ್ಟಿಯ ಫೋಟೋ ಬಂತು, ಪಕ್ಕದಲ್ಲಿ ಚಿಮಟಿಗೆ ಹಿಡಿದ ಭಾಗ್ಯಶ್ರೀ, ಈ ಸಲ ಮುಖಸಮೇತ. ರೇಸರ್ ಭಾಗ್ಯಶ್ರೀ ಎಂದು ಬರೆದಿದ್ದರು. ಎಲ್ಲ ಸರಿಯಿತ್ತು, ತಲೆಬರಹವೊಂದನ್ನು ಬಿಟ್ಟು: 'ಚಪಾತಿ ಹಿಟ್ಟಿಗೆ ಬಲಿಯಾದ ಗೇಮ್ ಯಂತ್ರ'.

ತನ್ನನ್ನು ಫೋಟೋದ ಹೊರಗಿಟ್ಟಾಗ ಬರದಿದ್ದ ಸಿಟ್ಟು ಭಾಗ್ಯಶ್ರೀಗೆ ಈಗ ಬಂತು. ಜಮಖಂಡಿಯಲ್ಲಿ ಹುಟ್ಟಿ, ಬುದ್ಧಿ ಬಂದಾಗಿನಿಂದ ರೊಟ್ಟಿ ಬಡಿದ ಕೈಯಿಂದ ಅವಳು ಮತ್ತೆ ಫೋನ್ ಎತ್ತಿದಳು. ಚಪಾತಿಯನ್ನು ಲಟ್ಟಿಸುತ್ತಾರೆ, ಅದಕ್ಕೆ ಗೋಧಿ, ಅದು ಕೂಸುಗಳೂ ಮಾಡುವ ಕೆಲಸ. ಇದು ಜೋಳ, ಇದನ್ನು ಬಡಿಯಬೇಕು, ಅಂಚು ಒಡೆಯದಂತೆ ಬಡಿಯಲು ಬರುವುದರೊಳಗೆ ಅರ್ಧ ಬಾಲ್ಯ ಮುಗಿದಿರುತ್ತದೆ, ಎಂದು ಕ್ಯಾಲಮ್‌ಗೆ ಪಾಠ ಮಾಡಿದಳು. ಶನಿವಾರ ಪುಟದ ತಳದಲ್ಲಿ, ಕೌನ್ಸಿಲ್ ಟ್ಯಾಕ್ಸಿನ ಸುದ್ದಿಯ ಕೆಳಗೆ, ಪುಟ್ಟ ಅಕ್ಷರಗಳಲ್ಲಿ ಬಂತು: 'ಸ್ಪಷ್ಟನೆ. ನಿನ್ನೆಯ ವರದಿಯಲ್ಲಿದ್ದುದು ಚಪಾತಿಯಲ್ಲ, ಜೋಳದ ರೊಟ್ಟಿ. ತಪ್ಪಿಗೆ ವಿಷಾದಿಸುತ್ತೇವೆ.' ಆ ತುಣುಕನ್ನು ಕತ್ತರಿಸಿ ಹಂಸಾ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ಓಟದ ಭಾನುವಾರ ಭಾಗ್ಯಶ್ರೀ ಸೋಫಾದ ನಡುವೆ ಕುಳಿತಿದ್ದಳು, ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಆಟದ ಹಿಡಿಕೆ. ಇಷ್ಟು ದಿನ ಆ ಸೋಫಾದಲ್ಲಿ ಕುಳಿತು ಅವಳ ಬೆನ್ನು ನೋಡುತ್ತ ರೊಟ್ಟಿ ತಿಂದಿದ್ದ ಅರ್ಜುನ್, ಅಪೂರ್ವ ಮತ್ತಿತರ ವಿದ್ಯಾರ್ಥಿಗಳು ಈಗ ನೆಲದ ಮೇಲೆ ಸಾಲಾಗಿ ಕುಳಿತು ಪರದೆ ನೋಡುತ್ತಿದ್ದರು. ಮೊದಲ ಸರದಿ ಮೌರೀನಳದು. ಸಮಯಕ್ಕಿಂತ ಮೊದಲೂ ಇಲ್ಲ, ತಡವೂ ಇಲ್ಲ ಎಂಬ ಬಸ್ಸಿನ ಶಿಸ್ತಿನಲ್ಲೇ ಅವಳು ಕಾರು ಓಡಿಸಿದಳು. ಆಮೇಲೆ ನಿವೇದಿತಾ. ಅವಳ ಸರದಿ ಮುಗಿಯುವ ಹೊತ್ತಿಗೆ ಬೆಟ್ಟದ ಮೇಲೆ ಮೋಡ ಕವಿದು ಮಳೆ ಶುರುವಾಯಿತು.

"ಭಾಗ್ಯಕ್ಕ, ನಿಮ್ಮ ರಸ್ತೆ ಬಂತು," ಎಂದಳು ನಿವೇದಿತಾ ಕಿವಿಯಲ್ಲಿ.

ಅಡುಗೆಮನೆಯಲ್ಲಿ ಅಲಾರ್ಮ್ ಬೊಬ್ಬಿಡುತ್ತಿತ್ತು. ಹಂಸಾ ಸ್ಟೂಲಿನ ಮೇಲೆ ನಿಂತು ಟವೆಲ್ಲಿನಿಂದ ಅದಕ್ಕೆ ಗಾಳಿ ಬೀಸುತ್ತಿದ್ದಳು. ಶ್ರೀಕಾಂತನ ರೆಪ್ಪೆಯ ಮೇಲೆಲ್ಲ ಹಿಟ್ಟು. ಕಟ್ಟೆಯ ಮೇಲೆ, ಸಕ್ಕರೆ ಡಬ್ಬಿಗೆ ಒರಗಿಸಿದ ಫೋನಿನಲ್ಲಿ, ಬಾಗಲಕೋಟೆಯಿಂದ ಅವನ ತಾಯಿ ಬಸಮ್ಮ ಎಲ್ಲವನ್ನೂ ನೋಡುತ್ತಿದ್ದರು. ಸೊಸೆ ಆಟಕ್ಕೆ ಕುಳಿತು ಮಗ ರೊಟ್ಟಿಗೆ ಕುಳಿತದ್ದಕ್ಕೆ ಅತ್ತೆ ಏನನ್ನುತ್ತಾರೋ ಎಂದು ಭಾಗ್ಯಶ್ರೀಗೆ ಬೆಳಿಗ್ಗೆಯಿಂದ ಸಣ್ಣ ಅಳುಕಿತ್ತು. ಬಸಮ್ಮನವರ ಕಣ್ಣು ಮಾತ್ರ ಮಗನ ಅಂಗೈ ಮೇಲಿತ್ತು.

"ಏ ಶ್ರೀ, ಅದೇನು ರೊಟ್ಟಿನೋ, ಭಾರತದ ನಕಾಶೆನೋ? ಕೈ ತಿರಗಸೋ ಮಾರಾಯ. ನಲವತ್ತು ವರ್ಷ ನಿನಗ ಬಡದು ಹಾಕೀವಿ, ಒಂದ ದಿನಾನೂ ನೋಡಲಿಲ್ಲೇನು?"

"ನೋಡೀನಿ ಬೇ. ಬರಾಕ ಹತ್ತಿಲ್ಲ."

"ನೋಡಿಲ್ಲ. ತಿಂದಿ." ಆಮೇಲೆ ಅವರು ದನಿ ಏರಿಸಿ, ಕೋಣೆಗಳಾಚೆಗೂ ಕೇಳುವಂತೆ ಕೂಗಿದರು: "ಭಾಗ್ಯಾ, ನಿನ್ನ ಗಾಡಿ ಎಷ್ಟನೇದು ಐತೆವ್ವಾ?"

"ಏಳನೇದ್ರೀ ಅತ್ತೆರ."

"ಮುಂದಿನಾಕೀನ್ನ ಬಿಡಬ್ಯಾಡ."

ಅವಳು ಬಿಡಲಿಲ್ಲ. ಮಳೆಯಲ್ಲಿ ಉಳಿದವರು ಬ್ರೇಕ್ ಒತ್ತುವ ತಿರುವುಗಳಲ್ಲಿ ಅವಳು ಒಂದಿಷ್ಟು ಮೊದಲೇ ಒತ್ತಿ, ಮೊದಲೇ ಬಿಟ್ಟು, ಮೆತ್ತಗೆ ದಾಟಿಹೋದಳು. ಆರು. ಐದು. ನೆಲದ ಮೇಲಿದ್ದವರು ಈಗ ಮೊಣಕಾಲ ಮೇಲೆ ಎದ್ದಿದ್ದರು. ಟಿವಿಯ ಕೆಳಗಿನ ಗೂಡಿನಲ್ಲಿ ಯಂತ್ರ ಬೆಚ್ಚಗೆ, ಸದ್ದಿಲ್ಲದೆ ಉಸಿರಾಡುತ್ತಿತ್ತು. ತನ್ನ ಸರದಿ ಮುಗಿದು ಕಾರನ್ನು ಮೌರೀನಳಿಗೆ ಒಪ್ಪಿಸುವಾಗ ಅವರ ತಂಡ ನಾಲ್ಕನೆಯ ಸ್ಥಾನದಲ್ಲಿತ್ತು. ಸಂಜೆ ಓಟ ಮುಗಿದಾಗಲೂ ಅಲ್ಲೇ ಇತ್ತು. ಮೊದಲ ಮೂರು ತಂಡಗಳಿಗೆ ಬಹುಮಾನ. ನಾಲ್ಕನೆಯವರಿಗೆ ಏನೂ ಇಲ್ಲ. ಮೌರೀನ್ ಲೀಡ್ಸಿನಿಂದ, ಇಷ್ಟು ವರ್ಷದಲ್ಲಿ ಇಷ್ಟು ಖುಷಿಯಿಂದ ಯಾವ ಟರ್ಮಿನಸ್ಸನ್ನೂ ಮುಟ್ಟಿರಲಿಲ್ಲ ಎಂದಳು.

ಆದರೆ ಅದು ಸಂಜೆಯ ಮಾತು. ಮಧ್ಯಾಹ್ನ, ಮೌರೀನಳ ಕೈಗೆ ಕಾರು ಕೊಟ್ಟು ಭಾಗ್ಯಶ್ರೀ ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿದಾಗ ಶ್ರೀಕಾಂತ್ ತಟ್ಟೆ ಹಿಡಿದು ಬಂದು ಅವಳೆದುರು ನಿಂತಿದ್ದ. ರೊಟ್ಟಿಗೆ ಮೂರು ಮೂಲೆಗಳಿದ್ದವು. ಒಂದು ಕಡೆ ದಪ್ಪ, ಒಂದು ಕಡೆ ಹರಿದಿತ್ತು. ಅವಳು ಒಂದು ಚೂರು ಮುರಿದು, ಎಣ್ಣೆಗಾಯಿ ಹಚ್ಚಿ ಬಾಯಿಗಿಟ್ಟುಕೊಂಡಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಇಷ್ಟು ಭಾನುವಾರಗಳಲ್ಲಿ ಅವಳು ಅವನ ಮುಖವನ್ನು ಹಾಗೆ ನೋಡಿದ್ದಳು, ಅವನಿಗೆ ಅದು ಗೊತ್ತಿರಲಿಲ್ಲ.

"ಹ್ಯಾಂಗದ?"

"ದಪ್ಪ ಅದ," ಎಂದಳು ಭಾಗ್ಯಶ್ರೀ. ಇನ್ನೊಂದು ಚೂರು ಮುರಿದಳು. "ಬಿಸಿ ಅದ. ನಾ ಮಾಡಿದ್ದನ್ನ ಇಷ್ಟು ಬಿಸಿ ತಿಂದ ನೆನಪಾ ಇಲ್ಲ ನನಗ. ಇನ್ನೊಂದು ತರ್ರಿ."

ಶ್ರೀಕಾಂತ್ ಓಡಿದ. ಅಡುಗೆಮನೆಯಲ್ಲಿ ಅಲಾರ್ಮ್ ಮತ್ತೆ ಹೊಡೆದುಕೊಂಡಿತು.